ಎರಡು ಪಾಲಿನ ಫಟಫಟಿ

ನಾನು ಹುಟ್ಟಿದ ಕೋಣೆ ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ನಮ್ಮದಾಗಿ ಉಳಿದಿರಲಿಲ್ಲ. ಅದು ದೊಡ್ಡಪ್ಪನ ಪಾಲಿಗೆ ಹೋಗಿತ್ತು. ದಂಡೋತಿಯ ನಮ್ಮ ಮನೆಯ ಪಡಸಾಲೆಯ ನಡುವೆ ಶಹಾಬಾದಿ ಕಲ್ಲಿನ ಒಂದು ಗೋಡೆ ಎದ್ದಿತ್ತು. ಈಚೆ ನಾವು, ಆಚೆ ಅವರು. ಗೋಡೆ ಎಂದರೆ ಪೂರ್ತಿ ಗೋಡೆಯೂ ಅಲ್ಲ, ಆಳೆತ್ತರಕ್ಕೆ ಬಂದು ನಿಂತುಬಿಟ್ಟಿತ್ತು. ಕಟ್ಟುವ ದಿನ ಆಯಿ, ಅಂದರೆ ನಮ್ಮಪ್ಪನ ತಾಯಿ, ಕಟ್ಟುವವನ ಎದುರಿಗೇ ಕುಳಿತು, ಇಷ್ಟಕ್ಕೆ ಬಿಡಪ್ಪಾ, ಒಲೆಯ ಹೊಗೆ ಹೋಗಲಿಕ್ಕೆ ಹಾದಿ ಬೇಕು ಎಂದಿದ್ದಳಂತೆ. ಹೊಗೆಗೆಂದು ಬಿಟ್ಟ ಆ ಹಾದಿಯಲ್ಲಿ ಮುಂದೆ ಏನೇನೋ ಓಡಾಡಿದವು. ದೊಡ್ಡವ್ವ ಪುಂಡಿ ಪಲ್ಯ ಮಾಡಿದ ದಿನ ಒಂದು ಬಟ್ಟಲು ಗೋಡೆಯ ತಲೆಯ ಮೇಲೆ ಬಂದು ಕೂರುತ್ತಿತ್ತು. ಅವ್ವ ಶೇಂಗಾ ಹಿಂಡಿ ಕುಟ್ಟಿದ ದಿನ ಅದೇ ಬಟ್ಟಲು ತುಂಬಿಕೊಂಡು ವಾಪಸು ಹೋಗುತ್ತಿತ್ತು. ಹೆಂಗಸರು ಮಾತು ಬಿಟ್ಟಿರಲಿಲ್ಲ. ಗಂಡಸರು ಹೊಲಕ್ಕೆ ಹೋದರೆ ಸಾಕು, ಇಬ್ಬರೂ ಗೋಡೆಯ ಎರಡು ಬದಿಗೆ ಬೆನ್ನು ಹಚ್ಚಿ ಕುಳಿತು, ಒಬ್ಬರ ಮುಖ ಒಬ್ಬರು ನೋಡದೆಯೇ, ಊರಿನ ಸುದ್ದಿಯನ್ನೆಲ್ಲ ಸೋಸಿ ಮುಗಿಸುತ್ತಿದ್ದರು. ಮಾತು ಬಿಟ್ಟವರು ಅಣ್ಣ ತಮ್ಮ ಇಬ್ಬರೇ.

ಯಾಕೆ ಬಿಟ್ಟರು ಎಂದು ಕೇಳಿದರೆ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಹೊಲದ ಬದುವಿನ ಮೇಲಿದ್ದ ಬೇವಿನ ಮರವನ್ನು ಅಪ್ಪ ಕೇಳದೆ ಕಡಿಸಿದ ಎಂಬುದು ದೊಡ್ಡಪ್ಪನ ಕಡೆಯ ಮಾತು. ಕೇಳಿದರೂ ಅಣ್ಣ ಉತ್ತರ ಕೊಡಲಿಲ್ಲ ಎಂಬುದು ನಮ್ಮ ಕಡೆಯ ಮಾತು. ಮರ ಹೋಗಿತ್ತು, ಅದರ ಕಟ್ಟಿಗೆಯೂ ಒಲೆಗೆ ಹೋಗಿ ಬೂದಿಯಾಗಿತ್ತು, ಸಿಟ್ಟು ಮಾತ್ರ ಉರಿಯುತ್ತಲೇ ಇತ್ತು. ಪಾಲಾದ ದಿನ ಎತ್ತು, ಬಂಡಿ, ಹಂಡೆ, ಕಡೆಗೆ ದೇವರ ಮುಂದಿನ ಜೋಡಿ ದೀಪದ ಸಮೆ ಕೂಡ ಒಂದೊಂದಾಗಿ ಆಚೀಚೆ ಹೋದವು. ಪಾಲು ಮಾಡಲು ಬಾರದೆ ಉಳಿದದ್ದು ಎರಡೇ. ಒಂದು ಆಯಿ, ಇನ್ನೊಂದು ಫಟಫಟಿ. ಆಯಿ ಮುಂಜಾನೆಯ ರೊಟ್ಟಿ ನಮ್ಮಲ್ಲಿ, ಸಂಜೆಯ ರೊಟ್ಟಿ ಅವರಲ್ಲಿ ಎಂದು ತಾನೇ ಠರಾಯಿಸಿಕೊಂಡಳು. ಫಟಫಟಿಗೆ ಬೇರೆಯವರು ಠರಾವು ಮಾಡಬೇಕಾಯಿತು.

ಫಟಫಟಿ ಎಂದರೆ ಮೋಟರ್ ಸೈಕಲ್ಲು. ನಮ್ಮ ಕಡೆ ಅದನ್ನು ಬೇರೆ ಹೆಸರಿನಿಂದ ಕರೆದವರನ್ನು ನಾನು ಕಂಡಿಲ್ಲ. ನನ್ನ ಮುತ್ಯಾ, ಅಪ್ಪನ ತಂದೆ, ಅದನ್ನು ಶಹಾಬಾದಿನಲ್ಲಿ ಕೆಲಸ ಬಿಟ್ಟು ತನ್ನೂರಿಗೆ ಹೊರಟಿದ್ದ ಒಬ್ಬ ಇಂಜಿನಿಯರ್ ಸಾಹೇಬನಿಂದ ಕೊಂಡು ತಂದಿದ್ದ. ತಾನು ಒಮ್ಮೆಯೂ ಅದನ್ನು ನಡೆಸಲಿಲ್ಲ. ಮಕ್ಕಳು ನಡೆಸುವುದನ್ನು ಕಟ್ಟೆಯ ಮೇಲೆ ಕುಳಿತು ನೋಡಿ ಮೀಸೆ ತಿರುವಿಕೊಂಡದ್ದಷ್ಟೇ ಅವನ ಸವಾರಿ. ಅವನು ತೀರಿಕೊಂಡ ಮೇಲೆ, ಒಂದು ವಾರ ಅಣ್ಣನಿಗೆ, ಒಂದು ವಾರ ತಮ್ಮನಿಗೆ ಎಂದು ಹಿರಿಯರು ಮಾತು ಮುಗಿಸಿದರು. ಸೋಮವಾರ ಎತ್ತು ಹೂಡುವುದಿಲ್ಲವಾದ್ದರಿಂದ ಇಬ್ಬರೂ ಮನೆಯಲ್ಲಿರುತ್ತಾರೆ, ಆ ದಿನವೇ ಕೈ ಬದಲಾಗಲಿ ಎಂದಾಯಿತು. ಗೋಡೆಯ ತುದಿಗೆ ಒಂದು ಮೊಳೆ ಹೊಡೆದರು. ವಾರ ಮುಗಿದವರು ಚಾವಿ ಅಲ್ಲಿ ಸಿಕ್ಕಿಸುವುದು, ವಾರ ಹಿಡಿದವರು ಅಲ್ಲಿಂದ ತೆಗೆದುಕೊಳ್ಳುವುದು. ಹೀಗೆ ಒಬ್ಬರ ಕೈ ಒಬ್ಬರಿಗೆ ತಾಗುವ ಪ್ರಮೇಯವೇ ಬರುತ್ತಿರಲಿಲ್ಲ.

ಗೋಡೆ ಮುಂಬಾಗಿಲಿನವರೆಗೆ ಬಂದಿರಲಿಲ್ಲ. ಬಾಗಿಲು ಒಂದೇ ಇದ್ದುದರಿಂದ ಅದರ ಮುಂದೆ ಒಂದಿಷ್ಟು ಜಾಗ ಬಿಟ್ಟಿದ್ದರು. ಫಟಫಟಿ ನಿಲ್ಲುತ್ತಿದ್ದುದು ಅಲ್ಲಿಯೇ. ಹಿಂದಿನ ಗಾಲಿ ಗೋಡೆಯ ತುದಿಗೆ ತಾಗಿ, ಮೂತಿ ಬಾಗಿಲ ಕಡೆ. ಹಾಗಾಗಿ ಅದರ ಬಲಮಗ್ಗುಲು ನಮ್ಮ ಕಡೆಗೆ, ಎಡಮಗ್ಗುಲು ಅವರ ಕಡೆಗೆ. ಬಲ ನಮ್ಮದು, ಎಡ ನಿಮ್ಮದು ಎಂದು ಯಾರೂ ಹೇಳಿರಲಿಲ್ಲ. ಆದರೂ ಅಪ್ಪ ಒರೆಸುವಾಗ ಬಲಗಡೆಯನ್ನಷ್ಟೇ ಒರೆಸುತ್ತಿದ್ದ, ದೊಡ್ಡಪ್ಪ ಎಡಗಡೆಯನ್ನಷ್ಟೇ. ಪೆಟ್ರೋಲ್ ಟಾಕಿಯ ನಟ್ಟನಡುವೆ ಧೂಳಿನ ಒಂದು ಗೆರೆ ಯಾವಾಗಲೂ ಉಳಿದಿರುತ್ತಿತ್ತು. ಆಯುಧ ಪೂಜೆಯ ದಿನ ಹ್ಯಾಂಡಲಿನ ಬಲಗಡೆಗೆ ಅವ್ವ ಕುಂಕುಮ ಹಚ್ಚಿದರೆ ಎಡಗಡೆಗೆ ದೊಡ್ಡವ್ವ ಹಚ್ಚುತ್ತಿದ್ದಳು. ನಡುವಿನ ದೀಪಕ್ಕೆ ಯಾರು ಹಚ್ಚಬೇಕೆಂದು ತಿಳಿಯದೆ ಅದನ್ನು ಆಯಿಗೆ ಬಿಟ್ಟಿದ್ದರು. ಮನೆಗೆ ಬಂದ ನೆಂಟರು ಇದನ್ನು ಕಂಡು ಮುಸಿಮುಸಿ ನಗುತ್ತಿದ್ದರು. ನಮಗೆ ಇದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ.

ಏಳನೆಯ ಇಯತ್ತೆಗೆ ನಮ್ಮೂರಿನ ಸಾಲಿ ಮುಗಿಯಿತು. ಹೈಸ್ಕೂಲು ಚಿತ್ತಾಪುರದಲ್ಲಿ. ಊರಿನ ಹುಡುಗರು ಸೈಕಲ್ ಮೇಲೆ ಹೋಗುತ್ತಿದ್ದರು, ಹುಡುಗಿಯರು ಹೋಗುತ್ತಲೇ ಇರಲಿಲ್ಲ. ಬಸ್ಸೊಂದಿತ್ತು, ಅದು ಬಂದಾಗ ಬಂತು, ಬಾರದಾಗ ಇಲ್ಲ. ನನಗೆ ಓದಬೇಕಿತ್ತು. ಯಾಕೆ ಓದಬೇಕು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ, ಆದರೆ ಸಾಲಿ ಬಿಡಿಸುತ್ತಾರೆ ಎಂದು ನೆನೆದಾಗಲೆಲ್ಲ ಏಳನೆಯದರ ಪುಸ್ತಕಗಳನ್ನೇ ಮತ್ತೆ ತೆಗೆದು ಓದುತ್ತಿದ್ದೆ. ಅವ್ವ ಆಗಲೇ ನನಗೆ ರೊಟ್ಟಿ ಬಡಿಯುವುದನ್ನು ಕಲಿಸಲು ಮುಂದಾಗಿದ್ದಳು. ಆಗ ಆಯಿ ಗೋಡೆಯ ತುದಿಯಲ್ಲಿ, ಎರಡೂ ಕಡೆಗೆ ಕೇಳುವ ಹಾಗೆ ಕುಳಿತು ಹೇಳಿದಳು.

“ಫಟಫಟಿ ಯಾರ ವಾರದಾಗರ ಇರ್ಲಿ. ಹುಡುಗಿ ದಿನಾ ಸಾಲಿಗಿ ಹೋಗಬೇಕು. ಇದು ಪಾಲಿನ್ಯಾಗ ಬರಂಗಿಲ್ಲ, ಹೇಳೀನಿ.”

ದೊಡ್ಡಪ್ಪ ದೊಡ್ಡವ್ವನಿಗೆ ಮಕ್ಕಳಿರಲಿಲ್ಲ. ಆಚೆಯಿಂದ ದೊಡ್ಡಪ್ಪ ಒಮ್ಮೆ ಕೆಮ್ಮಿದ. ಅದನ್ನೇ ಒಪ್ಪಿಗೆ ಎಂದು ತಿಳಿದುಕೊಂಡೆವು. ಹೀಗೆ ಒಂದು ವಾರ ಅಪ್ಪನ ಬೆನ್ನು, ಒಂದು ವಾರ ದೊಡ್ಡಪ್ಪನ ಬೆನ್ನು ಹಿಡಿದು ನಾನು ಹೈಸ್ಕೂಲು ಕಂಡೆ. ಅಪ್ಪ ದಾರಿಯುದ್ದಕ್ಕೂ ಒಂದು ಮಾತೂ ಆಡುತ್ತಿರಲಿಲ್ಲ. ತಗ್ಗು ಬಂದಾಗ ಬಲಗೈಯಿಂದ ವೇಗ ಇಳಿಸಿ, ಎಡಗೈ ಹಿಂದೆ ಚಾಚಿ ನನ್ನ ಮೊಣಕಾಲು ಮುಟ್ಟಿ ನೋಡುತ್ತಿದ್ದ, ಇದ್ದೀನೋ ಬಿದ್ದೀನೋ ಎಂದು. ದೊಡ್ಡಪ್ಪ ಬಾಯಿ ಮುಚ್ಚುತ್ತಿರಲಿಲ್ಲ. ನಿನ್ನೆ ಏನು ಕಲಿಸಿದರು, ಭೂಮಿ ಖರೇನೇ ತಿರುಗುತ್ತದೆಯೇ, ತಿರುಗಿದರೆ ಕಾಗಿಣಾ ಹೊಳೆಯ ನೀರು ಯಾಕೆ ಚೆಲ್ಲುವುದಿಲ್ಲ. ಗಾಳಿಗೆ ಎದುರಾಗಿ ಕೂಗಿ ಕೂಗಿ ಉತ್ತರ ಹೇಳಬೇಕಿತ್ತು. ನನ್ನ ಗಂಟಲು ದೊಡ್ಡದಾದದ್ದು ಅಲ್ಲಿಯೇ. ಇಬ್ಬರ ಬೆನ್ನಿಗೂ ಒಂದೇ ವಾಸನೆ ಇತ್ತು, ತೊಗರಿ ಹೊಟ್ಟಿನದು ಮತ್ತು ಬೆವರಿನದು. ಕಣ್ಣು ಮುಚ್ಚಿ ಕುಳಿತರೆ ಇದು ಯಾರ ವಾರ ಎಂದು ತಿಳಿಯುತ್ತಿರಲಿಲ್ಲ.

ಎರಡೂ ಕಡೆ ಓಡಾಡುವವಳು ನಾನಾದ್ದರಿಂದ ಅವರ ಮಾತುಗಳನ್ನು ಹೊತ್ತು ತಿರುಗುವ ಕೆಲಸವೂ ನನಗೇ ಬಂತು. ನಿಮ್ಮಪ್ಪಗ ಹೇಳು, ಪೆಟ್ರೋಲ್ ಮುಗದಾದ ಅಂತ. ನಿಮ್ಮ ದೊಡ್ಡಪ್ಪಗ ಹೇಳು, ಕಣ್ಣು ನೆತ್ತಿ ಮ್ಯಾಲ ಅದಾವೇನು, ಬ್ರೇಕ್ ಹರದದ್ದು ಕಾಣಂಗಿಲ್ಲೇನು ಅಂತ. ಎರಡನೆಯದನ್ನು ನಾನು ದಾಟಿಸುವಾಗ, ಬ್ರೇಕ್ ಜರಾ ನೋಡಬೇಕಂತ್ರಿ ದೊಡ್ಡಪ್ಪ, ಎಂದಷ್ಟೇ ಹೇಳುತ್ತಿದ್ದೆ. ಗೋಡೆ ಆಳೆತ್ತರದ್ದು, ಮೂಲ ಮಾತು ಆಗಲೇ ದೊಡ್ಡಪ್ಪನ ಕಿವಿಗೆ ಬಿದ್ದಿರುತ್ತಿತ್ತು. ಆದರೂ ಅವನು ನನ್ನ ಮಾತನ್ನೇ ಕೇಳಿಸಿಕೊಂಡವನಂತೆ ತಲೆಯಾಡಿಸುತ್ತಿದ್ದ. ಮುಂದೆ ನಾನು ಗುಲ್ಬರ್ಗಾದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಾಗ, ಈ ಊರಿನ ದನಿಯನ್ನು ಆ ಊರಿನ ದನಿಗೆ ಕೂಡಿಸುವುದು ನನಗೆ ಹೊಸತೆನಿಸಲಿಲ್ಲ. ಕೂಡಿಸಿದ ಮೇಲೆ ನಡುವಿನಿಂದ ಸರಿದು ನಿಲ್ಲಬೇಕು ಎಂಬುದನ್ನು ಮಾತ್ರ ನಾನು ಕಲಿತದ್ದು ಬೇರೆ ದಿನ. ಅದನ್ನೇ ಹೇಳಲು ಹೊರಟಿದ್ದೇನೆ.

ಕಲ್ಲು ಹೇರಿದ ಲಾರಿಗಳು ಓಡಾಡಿ ನಮ್ಮ ರಸ್ತೆ ಹಾಳಾಗಿತ್ತು. ಫಟಫಟಿಯ ಮುಂದಿನ ಗಾಲಿಯನ್ನು ಎರಡು ಉದ್ದನೆಯ ಕೊಳವೆಗಳು ಆಚೀಚೆ ಹಿಡಿದಿರುತ್ತವೆ, ಅವಕ್ಕೆ ಕಾಲು ಎನ್ನುತ್ತಿದ್ದೆವು. ಒಂದೊಂದು ಕಾಲಿನೊಳಗೆ ಒಂದೊಂದು ಸ್ಪ್ರಿಂಗು. ತಗ್ಗಿಗೆ ಇಳಿದಾಗ ಅವು ಮಡಿಸಿಕೊಂಡು ಎದ್ದು ಹೊಡೆತವನ್ನು ನುಂಗುತ್ತವೆ. ನಮ್ಮವು ಮುದಿಯಾಗಿದ್ದವು. ತಗ್ಗು ಬಂದರೆ ಧಡ್ ಎಂದು ಕಬ್ಬಿಣಕ್ಕೆ ಕಬ್ಬಿಣ ಬಡಿದು ಹೊಡೆತ ನೇರ ನನ್ನ ಹಲ್ಲಿಗೆ ಬರುತ್ತಿತ್ತು. ಅಪ್ಪ ತನ್ನ ವಾರದಲ್ಲಿ ಶಹಾಬಾದಿಗೆ ಹೋಗಿ ಅಂಗಡಿಯಲ್ಲಿ ಸ್ಪ್ರಿಂಗು ಕೇಳಿದ. ನಾನೂ ಜೊತೆಗಿದ್ದೆ.

“ಜೋಡಿ ಒಯ್ಯಿರಿ ಸಾಹುಕಾರ,” ಎಂದ ಅಂಗಡಿಯವ.

“ಒಂದೇ ಕೊಡು.”

“ಒಂದ್ಯಾಕ್ರಿ? ಕಾಲು ಎರಡು ಇರ್ತಾವಲ್ಲ.”

“ನನ್ನ ಪಾಲಿಂದು ಒಂದೇ,” ಎಂದ ಅಪ್ಪ.

ಅಂಗಡಿಯವ ಅಪ್ಪನ ಮುಖವನ್ನೂ ನನ್ನ ಮುಖವನ್ನೂ ನೋಡಿದ. ಒಳಗೆ ಹುಡುಕಾಡಿ ಒಂಟಿಯಾಗಿ ಉಳಿದಿದ್ದ ಒಂದನ್ನು ತಂದುಕೊಟ್ಟ. ಅಪ್ಪ ಮನೆಗೆ ಬಂದು ಬಲಗಾಲು ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಇಳಿಸಿ, ಕೈ ತೊಳೆದುಕೊಂಡ. ಮುಂದಿನ ವಾರ ದೊಡ್ಡಪ್ಪ ಸೇಡಂ ಕಡೆ ಏನೋ ಕೆಲಸಕ್ಕೆ ಹೋದವನು ಅವನೂ ಒಂದು ಸ್ಪ್ರಿಂಗು ತಂದು ಎಡಗಾಲಿಗೆ ಹಾಕಿದ. ಅಲ್ಲಿಯೂ ಇದೇ ಮಾತುಕತೆ ನಡೆದಿರಬೇಕು. ಎರಡೂ ಮನೆಯಲ್ಲಿ ಸಮಾಧಾನ. ಹಂಚಿಕೆಯ ಸಂಸಾರದಲ್ಲಿ ರಿಪೇರಿಯೂ ಸರಿಸಮವಾಗಿ ಆಯಿತಲ್ಲ ಎಂದು ಅವ್ವ ಕೂಡ ಮೆಚ್ಚಿಕೊಂಡಳು.

ಫಟಫಟಿಗೆ ಮಾತ್ರ ಇದು ಒಗ್ಗಲಿಲ್ಲ. ಹ್ಯಾಂಡಲು ಕೈಯಲ್ಲಿ ನಿಲ್ಲದೆ ಹೊಯ್ದಾಡತೊಡಗಿತು. ಎಡಗಾಲಿನ ಸಂದಿಯಿಂದ ಎಣ್ಣೆ ಸೋರತೊಡಗಿತು. ನಿಮ್ಮಪ್ಪನ ಸ್ಪ್ರಿಂಗು ಬರಾಬರ್ ಇಲ್ಲ ಎಂದು ದೊಡ್ಡಪ್ಪ, ನಿಮ್ಮ ದೊಡ್ಡಪ್ಪನದು ಇಲ್ಲ ಎಂದು ಅಪ್ಪ. ಹೀಗೇ ಇರುವಾಗ ದೊಡ್ಡಪ್ಪನ ವಾರದಲ್ಲಿ, ಹಳ್ಳದ ತಿರುವಿನಲ್ಲಿ, ಮುಂದಿನ ಗಾಲಿ ಒಂದು ತಗ್ಗಿಗೆ ಇಳಿದು ಏಳುವಾಗ ಯಾರೋ ಹ್ಯಾಂಡಲು ಹಿಡಿದು ತಿರುವಿದಂತೆ ಹೊರಳಿತು. ನಾವಿಬ್ಬರೂ ಪಕ್ಕದ ಕರಿ ಹೊಲದಲ್ಲಿ ಬಿದ್ದೆವು. ನನ್ನ ಮೊಣಕಾಲಿನ ಚರ್ಮ ಕಿತ್ತು ಹೋಗಿತ್ತು, ದೊಡ್ಡಪ್ಪನ ಮುಂಗೈ ಉಳುಕಿತ್ತು. ಅವನು ತನ್ನ ಕೈಯನ್ನು ನೋಡಿಕೊಳ್ಳದೆ ನನ್ನ ತಲೆ, ಭುಜ, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ, ಏನಾಗಿಲ್ಲ ಅಲಾ, ಏನಾಗಿಲ್ಲ ಅಲಾ, ಎಂದು ಕೇಳುತ್ತಲೇ ಇದ್ದ. ಅಷ್ಟು ದೊಡ್ಡ ಮನುಷ್ಯ ಹೆದರಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮನೆಗೆ ಬಂದು ಸೇರಿದಾಗ ಅವ್ವ ನನ್ನ ಮೊಣಕಾಲಿಗೆ ಅರಿಸಿನ ಒತ್ತುತ್ತ ಒಂದೇ ಮಾತಿನಲ್ಲಿ ಮುಗಿಸಿದಳು.

“ಸಾಲಿ ಸಾಕು. ಕೈ ಕಾಲು ಮುರಕೊಂಡು ಕಲಿಯೂದೇನು ಬ್ಯಾಡ.”

ಅಪ್ಪ ಬೇಕೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಗೋಡೆಯ ಕಡೆ ನೋಡಿ, ನಿಮ್ಮ ದೊಡ್ಡಪ್ಪಗ ಹೇಳು, ಫಟಫಟಿ ಮಾರಿಬಿಡೋಣು, ಇದೊಂದು ಯಾಕ ಉಳಿಬೇಕು, ಎಂದ. ಆಚೆಯಿಂದ, ನಿಮ್ಮಪ್ಪಗ ಹೇಳು, ಮಾರಲಿ, ಬ್ಯಾಡ ಅಂದಾವ್ರು ಯಾರು, ಎಂದು ಬಂತು. ಸೋಮವಾರ ಬಂತು, ಚಾವಿ ಮೊಳೆಗೇ ನೇತಾಡಿತು, ಯಾರೂ ತೆಗೆದುಕೊಳ್ಳಲಿಲ್ಲ. ನಾನು ಪುಸ್ತಕದ ಚೀಲವನ್ನು ಗೂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ಕುಳಿತೆ. ರೊಟ್ಟಿ ಬಡಿಯುವಾಗ ಅಂಚು ಹರಿದು ಹೋಗುತ್ತಿತ್ತು. ಅವ್ವ ಬೈಯುತ್ತಿದ್ದಳು, ನಾನು ಅಳುತ್ತಿದ್ದೆ, ಒಲೆಯ ಹೊಗೆ ಎಂದು ಸುಳ್ಳು ಹೇಳುತ್ತಿದ್ದೆ. ಸಾಲಿಯಲ್ಲಿ ಈಗ ಯಾವ ಪಾಠ ನಡೆದಿರಬಹುದು ಎಂದು ಗೋಡೆಯ ಮೇಲಿನ ಬಿಸಿಲು ನೋಡಿ ಲೆಕ್ಕ ಹಾಕುವುದೇ ನನ್ನ ಕೆಲಸವಾಗಿತ್ತು.

ಒಂದು ಮಧ್ಯಾಹ್ನ ಆಯಿ ಇಬ್ಬರನ್ನೂ ಕರೆದಳು. ಮಾರುವುದಾದರೆ ಮಾರಿರಿ, ಅದಕ್ಕಿಂತ ಮೊದಲು ಎರಡೂ ಕಾಲು ನನ್ನ ಮುಂದೆ ಬಿಚ್ಚಿರಿ, ಯಾರ ಸ್ಪ್ರಿಂಗು ಕೆಟ್ಟದ್ದು ನಾನೂ ನೋಡುತ್ತೇನೆ ಎಂದಳು. ತನ್ನದು ಚಲೋ ಎಂದು ತೋರಿಸುವ ಹುರುಪು ಇಬ್ಬರಿಗೂ ಇತ್ತು. ಅಪ್ಪ ಬಲಗಾಲು ಬಿಚ್ಚಿದ, ದೊಡ್ಡಪ್ಪ ಎಡಗಾಲು ಬಿಚ್ಚಿದ. ಕಾಲಿನ ಹಳೆಯ ಎಣ್ಣೆ ಹಿಡಿಯಲು ಅಪ್ಪ ಕೈಗೆ ಸಿಕ್ಕಿದ ಪರಾತ ಇಟ್ಟಿದ್ದ. ಅದು ಅವ್ವ ರೊಟ್ಟಿ ಹಿಟ್ಟು ಕಲಸುವ ಪರಾತ. ಆ ಜಗಳವೇ ಬೇರೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಆಯಿ ಎರಡೂ ಸ್ಪ್ರಿಂಗುಗಳನ್ನು ಸೀರೆಯ ಸೆರಗಿನಿಂದ ಒರೆಸಿ ನೆಲದ ಹಾಸುಗಲ್ಲಿನ ಮೇಲೆ ಪಕ್ಕಪಕ್ಕಕ್ಕೆ ನಿಲ್ಲಿಸಿದಳು. ಅಪ್ಪನದು ಗಿಡ್ಡ, ದಪ್ಪ ತಂತಿಯದು, ಒತ್ತಿದರೆ ಜಗ್ಗುತ್ತಿರಲಿಲ್ಲ. ದೊಡ್ಡಪ್ಪನದು ಎರಡು ಬೆರಳು ಎತ್ತರ ಹೆಚ್ಚು, ತೆಳ್ಳನೆಯ ತಂತಿಯದು, ಆಯಿಯ ಅಂಗೈಗೂ ಬಗ್ಗುತ್ತಿತ್ತು. ಆಯಿ ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು.

“ಇವೆರಡೂ ಒಂದ ಹೊಟ್ಟ್ಯಾಗ ಹುಟ್ಟಿದವಲ್ಲ. ಕೂಡಿ ನಡಿ ಅಂದ್ರ ಹ್ಯಾಂಗ ನಡೀತಾವ?” ಎಂದಳು. ಆಮೇಲೆ ತಲೆಯೆತ್ತಿ ಮಕ್ಕಳಿಬ್ಬರ ಮುಖವನ್ನೂ ನೋಡಿ, “ನೀವರ ಒಂದ ಹೊಟ್ಟ್ಯಾಗ ಹುಟ್ಟೀರಿ,” ಎಂದಳು.

ಅಪ್ಪ ನಟ್ಟು ತಿರುವುವ ಪಾನಾ ಕೆಳಗಿಟ್ಟ. ದೊಡ್ಡಪ್ಪ ಕೈ ಒರೆಸಿಕೊಂಡ. ಎರಡು ದಿನ ಬಿಟ್ಟು ಅಪ್ಪ ಗುಲ್ಬರ್ಗಾಕ್ಕೆ ಹೋಗಿ, ಒಂದೇ ಕಾಗದದಲ್ಲಿ ಸುತ್ತಿದ, ಒಂದೇ ಅಳತೆಯ, ಕರೀ ಎಣ್ಣೆ ಹಚ್ಚಿದ ಜೋಡಿ ಸ್ಪ್ರಿಂಗು ತಂದ. ಟೋಪಿ ಕೂಡಿಸುವಾಗ ಇಬ್ಬರು ಬೇಕು ಎಂದು ಅಂಗಡಿಯವ ಹೇಳಿದ್ದನ್ನು ಅವ್ವನ ಮುಂದೆ ಹೇಳಿದ, ಗೋಡೆಯ ಆಚೆಗೆ ಹೇಳಲಿಲ್ಲ. ಟೋಪಿ ಎಂದರೆ ಕಾಲಿನ ತಲೆಯ ಮೇಲೆ ಕೂರುವ ದೊಡ್ಡ ನಟ್ಟು. ಒಳಗಿನ ಸ್ಪ್ರಿಂಗು ಮೇಲಕ್ಕೆ ಒದೆಯುತ್ತಿರುತ್ತದೆ. ಅದನ್ನು ಒತ್ತಿ ಹಿಡಿದೇ ಟೋಪಿಯನ್ನು ತಿರುವಬೇಕು. ಮೊದಲು ಹಾಕಿದ ಅಡ್ಡಾದಿಡ್ಡಿ ಸ್ಪ್ರಿಂಗುಗಳು ಒಂದು ಗಿಡ್ಡ, ಒಂದು ಮೆತ್ತಗೆ ಇದ್ದುದರಿಂದ ಒಬ್ಬೊಬ್ಬರೇ ಕೂಡಿಸಿದ್ದರು. ಇವು ಹಾಗಲ್ಲ.

ಸೋಮವಾರ ಮುಂಜಾನೆ ಕೆಲಸಕ್ಕೆ ಕುಳಿತರು. ಫಟಫಟಿಯ ಹೊಟ್ಟೆಯ ಕೆಳಗೆ ಕಲ್ಲುಗಳನ್ನು ಕೊಟ್ಟು ಮುಂದಿನ ಗಾಲಿಯನ್ನು ನೆಲದಿಂದ ಎತ್ತಿದ್ದರು. ಈ ಸಲ ಅವ್ವ ಪರಾತ ಬಚ್ಚಿಟ್ಟು ಒಡಕು ಡಬ್ಬಿಯೊಂದನ್ನು ತಂದು ಇಟ್ಟಿದ್ದಳು. ಅಪ್ಪ ಬಲಗಾಲಿಗೆ ಒಂದು ಸ್ಪ್ರಿಂಗು ಇಳಿಸಿ, ಎಣ್ಣೆ ಹುಯ್ದು, ಟೋಪಿ ಒತ್ತಿದ. ದೊಡ್ಡಪ್ಪ ಎಡಗಾಲಿಗೆ ಇನ್ನೊಂದನ್ನು ಇಳಿಸಿ, ಎಣ್ಣೆ ಹುಯ್ದು, ಟೋಪಿ ಒತ್ತಿದ. ಇಬ್ಬರೂ ಬೆವರಿದರು. ಒತ್ತಿದರೆ ತಿರುವಲು ಕೈ ಇಲ್ಲ, ತಿರುವಿದರೆ ಒತ್ತಲು ಕೈ ಇಲ್ಲ. ಒಂದು ಮಾರು ದೂರದಲ್ಲಿ ನಿಂತಿದ್ದ ಇಬ್ಬರು ಗಟ್ಟಿಮುಟ್ಟು ಗಂಡಸರಿಗೆ ನಾಲ್ಕು ಕೈಗಳಿದ್ದವು. ಆದರೂ ಆ ಕೆಲಸಕ್ಕೆ ಕೈ ಸಾಲುತ್ತಿರಲಿಲ್ಲ. ನಾನು ನಡುವೆ, ಗಾಡಿಯ ದೀಪದ ಮುಂದೆ, ನಟ್ಟುಗಳ ತಟ್ಟೆ ಹಿಡಿದು ನಿಂತಿದ್ದೆ.

“ಮಾದೇವಿ, ನಿಮ್ಮ ದೊಡ್ಡಪ್ಪಗ ಹೇಳು, ಜರಾ ಈ ಕಡಿ ಬಂದು ಒತ್ತಲಿ ಅಂತ,” ಎಂದ ಅಪ್ಪ.

“ಮಾದೇವಿ, ನಿಮ್ಮಪ್ಪಗ ಹೇಳು, ಮೊದಲ ನನ್ನ ಕಡಿಂದು ಆಗಲಿ ಅಂತ,” ಎಂದ ದೊಡ್ಡಪ್ಪ.

“ಸ್ಪ್ರಿಂಗು ತಂದಾಂವ ನಾನು ಅಂತ ಹೇಳು ಅವರಿಗಿ.”

“ಬಿದ್ದಾಂವ ನಾನು ಅಂತ ಹೇಳು.”

ಬಿದ್ದವಳು ನಾನು ಕೂಡ. ಮೊಣಕಾಲಿನ ಹಕ್ಕಳೆ ಆಗತಾನೇ ಉದುರುತ್ತಿತ್ತು. ಅಷ್ಟು ದಿನ ಅವರ ಮಾತುಗಳನ್ನು ತೊಳೆದು, ಮೆದು ಮಾಡಿ, ಆಚೀಚೆ ಸಾಗಿಸಿದ ನನಗೆ ಆ ಕ್ಷಣ ಎಲ್ಲಿಂದ ಸಿಟ್ಟು ಬಂತೋ. ಇವರಿಬ್ಬರ ಬೇವಿನ ಮರಕ್ಕೆ ನನ್ನ ಸಾಲಿ ಯಾಕೆ ಒಣಗಬೇಕು ಎನ್ನಿಸಿತು. ತಟ್ಟೆಯನ್ನು ನೆಲಕ್ಕಿಟ್ಟೆ.

“ನಾ ಹೇಳಂಗಿಲ್ಲ,” ಎಂದೆ.

“ಏನಂದಿ?” ಎಂದರು ಇಬ್ಬರೂ ಒಟ್ಟಿಗೆ.

“ನಾ ಯಾರಿಗೂ ಏನೂ ಹೇಳಂಗಿಲ್ಲ. ಇಬ್ಬರಿಗೂ ಬಾಯಿ ಅದಾವ, ಇಬ್ಬರಿಗೂ ಕಿವಿ ಅದಾವ. ನೀವ ಹೇಳಿಕೊಳ್ರಿ.”

ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಹಿರಿಯರಿಗೆ ಎದುರಾಡಿದ್ದು ಅದೇ ಮೊದಲು. ಅವ್ವ ಬಾಗಿಲಿಗೆ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು.

“ಹುಚ್ಚಿ, ಹೇಳಿಬಿಡು. ಅವರು ಕೆಲಸ ಬಿಟ್ಟು ಎದ್ರ ಹೋಗೂದು ನಿನ್ನ ಸಾಲಿನ.”

ಅವಳು ಹೇಳಿದ್ದು ಖರೆ ಇತ್ತು. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಏಳಲಿಲ್ಲ. ಒಳಗೆ ಆಯಿ ತನ್ನ ಜಾಗದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಅವಳು ನನ್ನನ್ನು ಕರೆಯಲಿಲ್ಲ, ಬೈಯಲೂ ಇಲ್ಲ. ಮೊರದ ಸಪ್ಪಳ ಒಂದೇ ಹದದಲ್ಲಿ ಬರುತ್ತಿತ್ತು. ಕಟ್ಟೆಯಿಂದ ತೆರೆದ ಬಾಗಿಲಿನಲ್ಲಿ ಇಬ್ಬರೂ ಕಾಣುತ್ತಿದ್ದರು. ದೊಡ್ಡಪ್ಪ ಪಾನಾ ಹಿಡಿದು ಸುಮ್ಮನೆ ನಿಂತಿದ್ದ. ಅಪ್ಪನಿಗೆ ಹಟ ಬಂದಿತ್ತು. ಟವಲನ್ನು ಅಂಗೈಗೆ ಸುತ್ತಿಕೊಂಡು, ಟೋಪಿಯ ಮೇಲೆ ಮೈಭಾರವನ್ನೆಲ್ಲ ಹಾಕಿ, ಎದೆ ಬಗ್ಗಿಸಿ, ಒಂದು ಕೈಯಿಂದ ಪಾನಾ ತಿರುವತೊಡಗಿದ. ಅವನ ಮುಖ ಟೋಪಿಯ ನೇರ ಮೇಲಿತ್ತು. ಕೂತಿತು ಎಂದುಕೊಂಡನೋ ಏನೋ, ಒತ್ತಿದ ಕೈಯನ್ನು ಜರಾ ಸಡಿಲಿಸಿದ.

“ತಮ್ಮಾ, ಮಾರಿ ತಗೀ!”

ದೊಡ್ಡಪ್ಪನ ಕೂಗಿಗೆ ಅಪ್ಪ ಹಿಂದಕ್ಕೆ ಜಿಗಿದ. ಟೋಪಿ ಢಣ್ ಎಂದು ಹಾರಿ, ಅಪ್ಪನ ಮುಖ ಇದ್ದ ಜಾಗವನ್ನು ದಾಟಿ, ಮಾಳಿಗೆಯ ತೊಲೆಗೆ ಬಡಿದು, ಕೆಳಗೆ ಬಿದ್ದು ಉರುಳುತ್ತ ಉರುಳುತ್ತ ದೊಡ್ಡಪ್ಪನ ಕಡೆಯ ಹೊರಸಿನ ಕೆಳಗೆ ಹೋಗಿ ನಿಂತಿತು. ಅದರ ಹಿಂದೆಯೇ ಅರ್ಧ ಮೇಲೆದ್ದ ಸ್ಪ್ರಿಂಗು ಎಣ್ಣೆ ಚಿಮ್ಮಿಸುತ್ತ ತೂಗಾಡಿತು. ಆಯಿಯ ಮೊರ ನಿಂತಿತ್ತು. ಅವ್ವ ಬಾಗಿಲಲ್ಲಿ, ದೊಡ್ಡವ್ವ ಗೋಡೆಯ ಆಚೆ, ಎಲ್ಲರೂ ನಿಂತಲ್ಲೇ ನಿಂತಿದ್ದರು. ಟೋಪಿ ಹಾರಿದ್ದಕ್ಕಲ್ಲ. ಎಷ್ಟೋ ವರ್ಷಗಳ ಮೇಲೆ ಆ ಮನೆಯಲ್ಲಿ ತಮ್ಮಾ ಎಂಬ ಕೂಗು ಕೇಳಿತ್ತು.

ದೊಡ್ಡಪ್ಪ ತನ್ನ ಕಡೆಗೆ ಹೋಗಿ ಬಗ್ಗಿ, ಹೊರಸಿನ ಕೆಳಗಿನಿಂದ ಟೋಪಿ ತೆಗೆದು, ಧೋತರದಿಂದ ಒರೆಸುತ್ತ ಬಂದ. ಎಡಗಡೆಯಲ್ಲಿ ನಿಲ್ಲಲಿಲ್ಲ. ಗಾಲಿಯ ಮುಂದಿನಿಂದ ಸುತ್ತಿ ಬಲಗಡೆಗೆ, ನಮ್ಮ ಪಾಲಿಗೆ, ಬಂದ.

“ಸೊಟ್ಟ ಕುಂತಿತ್ತದು. ನನಗ ಅಲ್ಲಿಂದ ಕಾಣಾಕತ್ತಿತ್ತು,” ಎಂದ. ಅವನ ದನಿ ಒರಟಾಗಿತ್ತು. “ಕಣ್ಣು ಹೋಗತಿತ್ತಲ್ಲೋ ನಿಂದು.”

ಅಪ್ಪ ಮುಖ ಒರೆಸಿಕೊಂಡ. ಎಣ್ಣೆಯನ್ನೋ ಬೆವರನ್ನೋ ಇನ್ನೇನನ್ನೋ.

“ನಾ ಒತ್ತತೀನಿ. ನೀ ತಿರುವು,” ಎಂದ ದೊಡ್ಡಪ್ಪ.

“ಹೂಂ ಅಣ್ಣಾ. ನಿಮ್ಮ ಮುಂಗೈ ಉಳಕ್ಯಾದ, ಜ್ವಾಕಿ.”

ಎರಡು ಕಾಲುಗಳೂ ಊಟದ ಹೊತ್ತಿಗೆ ಮುಗಿದವು. ದೊಡ್ಡಪ್ಪ ಒತ್ತಿದ, ಅಪ್ಪ ತಿರುವಿದ. ಮೊದಲು ಬಲದ್ದು, ಆಮೇಲೆ ಎಡದ್ದು. ಆಯಿ ಮತ್ತೆ ಮೊರ ಎತ್ತಿಕೊಂಡಳು. ನಾನು ಕಟ್ಟೆಯಿಂದ ಇಳಿದು ಬಂದು ನಟ್ಟುಗಳ ತಟ್ಟೆ ಹಿಡಿದೆ, ಯಾರೂ ನನ್ನನ್ನು ಏನೂ ಕೇಳಲಿಲ್ಲ. ಸಂಜೆ ದೊಡ್ಡಪ್ಪ ನಡೆಸುತ್ತ, ಅಪ್ಪ ಹಿಂದೆ ಕುಳಿತು, ಹಳ್ಳದ ತಿರುವಿನವರೆಗೆ ಹೋಗಿ ಬಂದರು. ಮರುದಿನ ನಾನು ಗೂಟದಿಂದ ಪುಸ್ತಕದ ಚೀಲ ಇಳಿಸಿದೆ. ಅವ್ವ ರೊಟ್ಟಿ ಕಟ್ಟಿ ಕೊಡುತ್ತ, ಬಾಯಿ ಭಾಳ ಆಗ್ಯಾದ ನಿಂದು ಎಂದಳು. ಬೈಗುಳವಾದರೂ ಅವಳ ಮುಖದಲ್ಲಿ ಬೈಗುಳ ಇರಲಿಲ್ಲ. ತಗ್ಗುಗಳ ಮೇಲೆ ಫಟಫಟಿ ಮೆತ್ತಗೆ ಇಳಿದು ಮೆತ್ತಗೆ ಏಳುತ್ತಿತ್ತು, ಹಲ್ಲಿಗೆ ಹಲ್ಲು ತಾಗುತ್ತಿರಲಿಲ್ಲ. ಸಾಲಿಯಲ್ಲಿ ನಾನಿಲ್ಲದಾಗ ಎರಡು ಪಾಠಗಳಷ್ಟೇ ಮುಂದೆ ಹೋಗಿದ್ದವು.

ಇಷ್ಟಾಯಿತು, ಅಣ್ಣತಮ್ಮ ಒಂದಾದರು ಎಂದು ಬರೆದರೆ ಸುಳ್ಳಾಗುತ್ತದೆ. ಗೋಡೆ ಹಾಗೆಯೇ ನಿಂತಿತ್ತು. ಹೊಲ, ಮಳೆ, ಮದುವೆ, ಸಾವು, ಯಾವುದರ ಬಗ್ಗೆಯೂ ಅವರು ಆಡಲಿಲ್ಲ. ಆಡಿದ್ದು ಫಟಫಟಿಯ ಬಗ್ಗೆ ಮಾತ್ರ. ಆದರೆ ಆ ಗಾಡಿಯ ಬಗ್ಗೆ ಆಡಲು ಇಷ್ಟೊಂದು ಇದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಸೋಮವಾರದ ಮುಂಜಾನೆಗಳು ಉದ್ದವಾದವು. ಸರಪಳಿ ಸಡಿಲಾಗ್ಯಾದೇನು ಅಣ್ಣಾ, ಎಂದು ಅಪ್ಪ ಕೇಳುವುದು, ಬಿಗಿಯಾಗಿದ್ದ ಸರಪಳಿಯನ್ನು ಇಬ್ಬರೂ ಬಗ್ಗಿ ನೋಡುವುದು. ಎಲ್ಲ ಸರಿ ಇದ್ದ ದಿನ ಇಬ್ಬರಿಗೂ ಒಂಥರಾ ಬೇಸರ. ಚಾವಿ ಮೊಳೆಗೆ ಹೋಗುವುದು ನಿಂತು ಕೈಯಿಂದ ಕೈಗೆ ಹೋಗತೊಡಗಿತು. ಟಾಕಿಯ ಮೇಲಿನ ಧೂಳಿನ ಗೆರೆ ಯಾವಾಗ ಮಾಯವಾಯಿತೋ ನಾನು ನೋಡಲಿಲ್ಲ.

ವರ್ಷಗಳು ಕಳೆದವು. ಹತ್ತನೆಯದು ಪಾಸಾದೆ, ಗುಲ್ಬರ್ಗಾ ಸೇರಿದೆ. ಆಯಿ ಹೋದಳು. ಫಟಫಟಿಯ ಇಂಜಿನ್ನು ಒಂದು ದಿನ ನಿಂತದ್ದು ಮತ್ತೆ ಹೊರಳಲಿಲ್ಲ. ಮಾರಲು ಇಬ್ಬರಿಗೂ ಮನಸ್ಸಾಗದೆ ಅದು ಗೋಡೆಯ ತುದಿಯಲ್ಲಿಯೇ ಉಳಿಯಿತು. ಗಾಲಿಗಳ ಗಾಳಿ ಹೋಗಿ, ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ದೊಡ್ಡಪ್ಪ ಹಾಸಿಗೆ ಹಿಡಿದಿದ್ದಾನೆ ಎಂದು ಕೇಳಿ ನಾನು ಊರಿಗೆ ಹೋದೆ. ನಾನು ಹುಟ್ಟಿದ ಕೋಣೆಯಲ್ಲಿಯೇ ಅವನನ್ನು ಮಲಗಿಸಿದ್ದರು. ಇಷ್ಟು ವರ್ಷವೂ ಆ ಕೋಣೆಗೆ ಕಾಲಿಡದ ಅಪ್ಪ ಅಂದು ಗೋಡೆಯ ತುದಿ ದಾಟಿ, ಫಟಫಟಿಯ ಹ್ಯಾಂಡಲು ಒಮ್ಮೆ ಹಿಡಿದು ಬಿಟ್ಟು, ಒಳಗೆ ಬಂದು ಹಾಸಿಗೆಯ ಮಗ್ಗುಲಿಗೆ ಕುಳಿತ. ದೊಡ್ಡಪ್ಪ ಮಾಳಿಗೆ ನೋಡುತ್ತಿದ್ದ, ಅಪ್ಪ ನೆಲ ನೋಡುತ್ತಿದ್ದ. ದೊಡ್ಡವ್ವ ತಂದಿಟ್ಟ ಚಹಾ ತಣ್ಣಗಾಯಿತು. ಕಡೆಗೆ ಅಪ್ಪ ಗಂಟಲು ಸರಿಮಾಡಿಕೊಂಡ.

“ಅಣ್ಣಾ, ಮುಂದಿನ ಸ್ಪ್ರಿಂಗು ಮತ್ತ ಸಪ್ಪಳ ಮಾಡಾಕತ್ತಾವ.”

ದೊಡ್ಡಪ್ಪ ಕಣ್ಣು ತಿರುವಿ ಮೊದಲು ಅಪ್ಪನನ್ನು, ಆಮೇಲೆ ನನ್ನನ್ನು ನೋಡಿದ. ಒಣಗಿದ ತುಟಿಯ ಮೇಲೆ ಹಳೆಯ ತುಂಟತನ ಒಂದಿಷ್ಟು ಬಂತು.

“ಮಾದೇವಿ, ನಿಮ್ಮಪ್ಪಗ ಹೇಳು...”

“ನೀವ ಹೇಳ್ರಿ ದೊಡ್ಡಪ್ಪ,” ಎಂದೆ.

ಅವನು ಹೊದಿಕೆಯ ಕೆಳಗಿನಿಂದ ಕೈ ತೆಗೆದು ಅಪ್ಪನ ಮುಂಗೈ ಮೇಲೆ ಇಟ್ಟ.

“ತಮ್ಮಾ, ಎರಡೂ ಬಿಚ್ಚಿಡು. ಸೋಮವಾರ ನಾ ಬಂದು ಒತ್ತತೀನಿ.”